ಹವಳಕ್ಕೆ ಮೊದಲು ಬೇಕಾದುದೇನು?

1846ರಲ್ಲಿ ಆನಾ ಥಿನ್ ಎಂಬ ಆಂಗ್ಲ ಮಹಿಳೆ ಇಂಗ್ಲೆಂಡಿನ ದಕ್ಷಿಣ ತೀರದ ಟಾರ್ಕಿ ಎಂಬ ಊರಿನಿಂದ ಕೆಲವು ಜೀವಂತ ಹವಳಗಳನ್ನು ಜಾಡಿಯಲ್ಲಿರಿಸಿಕೊಂಡು ಲಂಡನ್ನಿಗೆ ಹಿಂದಿರುಗಿದಳು. ಲಂಡನ್ನಿನಲ್ಲಿ ಕಡಲಿಲ್ಲ. ಬೇಕೆಂದಾಗ ಹೊಸ ಉಪ್ಪುನೀರು ದೊರೆಯುವಂತಿಲ್ಲ. ಇದ್ದ ನೀರನ್ನೇ ಜೀವಂತವಾಗಿರಿಸಬೇಕು. ಆಗ ಆಕೆ ಹೂಡಿದ ಉಪಾಯ ಬಹು ಸರಳವಾದುದು. ಮನೆಗೆಲಸದ ಹುಡುಗಿಯೊಬ್ಬಳು ತೆರೆದ ಕಿಟಕಿಯ ಮುಂದೆ ನಿಂತು, ಆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದು ಪಾತ್ರೆಗೆ ಅರ್ಧ ಮುಕ್ಕಾಲು ಗಂಟೆಯ ಕಾಲ ಎತ್ತಿ ಹೊಯ್ಯುತ್ತಿದ್ದಳು. ಕಾಫಿಯನ್ನು ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಸುರಿದು ನೊರೆಯೆಬ್ಬಿಸುವುದನ್ನು ಕಂಡವರಿಗೆ ಈ ವಿದ್ಯೆಯನ್ನು ವಿವರಿಸಬೇಕಾಗಿಲ್ಲ. ನೀರಿನಲ್ಲಿ ಗಾಳಿ ಬೆರೆಯಿತು, ಹವಳಗಳು ಬದುಕಿದವು. ಬದುಕಿದುದಷ್ಟೇ ಅಲ್ಲ, ಸಂತಾನವನ್ನೂ ಬೆಳೆಸಿದವು. ಆ ವೃತ್ತಾಂತವನ್ನು ಆಕೆ 1859ರಲ್ಲಿ ವಿದ್ವತ್ಪತ್ರಿಕೆಯೊಂದರಲ್ಲಿ ಪ್ರಕಟಿಸಿದಳು.

ಹೆಸರರಿಯದ ಆ ಹುಡುಗಿಯ ಎರಡು ತೋಳುಗಳು ಮಾಡುತ್ತಿದ್ದ ಕೆಲಸವನ್ನು ಇಂದು ಮುಷ್ಟಿಗಾತ್ರದ ಪಂಪೊಂದು ಮಾಡುತ್ತದೆ. ಅಮೆರಿಕ, ಜರ್ಮನಿ, ಇಂಗ್ಲೆಂಡುಗಳಲ್ಲಿ ಮನೆಯ ನಡುಕೋಣೆಯೊಳಗೆ ಹವಳದ ತೋಟ ಬೆಳೆಸುವುದು ಇಂದು ವ್ಯಾಪಕವಾದ ಹವ್ಯಾಸ. ಅದಕ್ಕೆ ಬೇಕಾದ ಪರಿಕರಗಳನ್ನು ಮಾರುವ ಅಂಗಡಿಗಳ ಪಟ್ಟಿಯನ್ನು ತೆರೆದರೆ ಆಸ್ಪತ್ರೆಯ ಸಾಮಗ್ರಿಗಳ ಪಟ್ಟಿಯನ್ನು ನೋಡಿದಂತಾಗುತ್ತದೆ. ದೀಪ, ಪಂಪು, ಹೀಟರ್, ಚಿಲ್ಲರ್, ಸ್ಕಿಮ್ಮರ್, ತೊಟ್ಟಿಕ್ಕುವ ಯಂತ್ರ, ಅಳೆಯುವ ಯಂತ್ರ, ಅಳೆಯುವ ಯಂತ್ರವನ್ನು ನೋಡಿಕೊಳ್ಳುವ ಯಂತ್ರ! ಎಲ್ಲವನ್ನೂ ಒಮ್ಮೆಗೇ ಕೊಳ್ಳಬಲ್ಲ ಸಿರಿವಂತನಿಗೆ ಈ ಲೇಖನದಿಂದ ಪ್ರಯೋಜನವಿಲ್ಲ. ಉಳಿದವರ ಸಮಸ್ಯೆ ಒಂದೇ: ಕೈಯಲ್ಲಿರುವ ಹಣದಲ್ಲಿ ಮೊದಲು ಯಾವುದನ್ನು ಉತ್ತಮಪಡಿಸಬೇಕು, ಯಾವುದನ್ನು ಮುಂದಿನ ವರ್ಷಕ್ಕೆ ಬಿಡಬೇಕು?

ಸಾಮಾನ್ಯವಾಗಿ ನಡೆಯುವುದು ಹೀಗೆ. ಹವ್ಯಾಸಿಯು ಒಂದು ಸಿದ್ಧ ತೊಟ್ಟಿಯನ್ನು ಕೊಳ್ಳುತ್ತಾನೆ. ಅದರೊಡನೆ ಸಾಧಾರಣವಾದ ದೀಪ, ಸಣ್ಣ ಪಂಪು, ಅಗ್ಗದ ಹೀಟರ್ ಬಂದಿರುತ್ತವೆ. ಆರು ತಿಂಗಳು ಕಳೆದ ಮೇಲೆ ಕೈಗೆ ನಾಲ್ಕು ಕಾಸು ಬಂದಾಗ ಅವನ ಕಣ್ಣು ಮೊದಲು ಹರಿಯುವುದು ದೀಪದ ಕಡೆಗೆ. ಸಹಜವೇ. ನೀಲಿ ಬೆಳಕು ಬಿದ್ದಾಗ ಹವಳಗಳು ಹಸುರಾಗಿ, ಕಿತ್ತಳೆಯಾಗಿ, ನೇರಿಳೆಯಾಗಿ ಹೊಳೆಯುತ್ತವೆ. ಮನೆಗೆ ಬಂದ ನೆಂಟರು ಬೆರಗಾಗಿ ನಿಲ್ಲುತ್ತಾರೆ. ಹೀಟರನ್ನು ನೋಡಿ ಬೆರಗಾದ ನೆಂಟನು ಇದುವರೆಗೆ ಹುಟ್ಟಿಲ್ಲ. ಹೀಗಾಗಿ ದುಬಾರಿ ದೀಪದ ಕೆಳಗೆ ಅಗ್ಗದ ಹೀಟರು ಕೆಲಸಮಾಡುತ್ತಿರುತ್ತದೆ. ಒಂದು ರಾತ್ರಿ ಅದು ಕೈಕೊಡುತ್ತದೆ. ಬೆಳಗಾಗುವ ಹೊತ್ತಿಗೆ ದೀಪ ಮಾತ್ರ ಉಳಿದಿರುತ್ತದೆ.

ಇಲ್ಲಿ ಹವಳವೆಂಬ ಮಾತಿನ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳಿತು. ಸಂಸ್ಕೃತದ ಪ್ರವಾಳ ಹಳಗನ್ನಡದಲ್ಲಿ ಪವಳವಾಗಿ, ಮುಂದೆ ಪಕಾರ ಹಕಾರವಾಗಿ ಹವಳವಾಯಿತು. ನವರತ್ನಗಳಲ್ಲೊಂದೆಂದು ಉಂಗುರಕ್ಕೆ ಕೂರಿಸುವ ಆ ಕೆಂಪು ಹವಳ ಬಹುಮಟ್ಟಿಗೆ ಮೆಡಿಟರೇನಿಯನ್ ಸಮುದ್ರದ್ದು. ಬೆಚ್ಚನೆಯ ಕಡಲುಗಳಲ್ಲಿ ದಿಬ್ಬ ಕಟ್ಟುವ ಹವಳ ಬೇರೆ ಬಳಗದ್ದು. ಈ ಎರಡನೆಯದೇ ಗಾಜಿನ ತೊಟ್ಟಿಯ ನಾಯಕ. ಅದು ಗಿಡವಲ್ಲ, ಕಲ್ಲಲ್ಲ, ಪ್ರಾಣಿ. ತನ್ನ ಮೈಯೊಳಗೆ ಸೂಕ್ಷ್ಮವಾದ ಪಾಚಿಕಣಗಳಿಗೆ ಆಶ್ರಯವಿತ್ತು, ಅವು ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆಯಲ್ಲಿ ಬಹುಪಾಲನ್ನು ತಾನು ಉಂಡು, ನೀರಿನಲ್ಲಿ ಕರಗಿದ ಸುಣ್ಣದಿಂದ ತನ್ನ ಮನೆ ಕಟ್ಟಿಕೊಳ್ಳುವ ಪ್ರಾಣಿ. ಮೀನಿನಂತೆ ಇದು ತೊಂದರೆಯಾದಾಗ ಒದ್ದಾಡುವುದಿಲ್ಲ, ನೀರಿನ ಮೇಲಕ್ಕೆ ಬಂದು ಬಾಯಿ ಬಿಡುವುದಿಲ್ಲ. ಅದರ ಸಂಕಟ ಕಣ್ಣಿಗೆ ಬೀಳುವ ವೇಳೆಗೆ ಅನೇಕ ವೇಳೆ ಕಾಲ ಮೀರಿರುತ್ತದೆ.

ಆದುದರಿಂದ ಪರಿಕರಗಳ ಆದ್ಯತೆಯನ್ನು ನಿರ್ಣಯಿಸುವುದಕ್ಕೆ ಬೆಲೆಯಾಗಲಿ ಹೊಳಪಾಗಲಿ ಅಳತೆಗೋಲಲ್ಲ. ಒಂದೊಂದು ಉಪಕರಣದ ಮುಂದೆಯೂ ನಿಂತು ಒಂದೇ ಪ್ರಶ್ನೆಯನ್ನು ಕೇಳಬೇಕು: ಇದು ಈ ಕ್ಷಣದಲ್ಲಿ ಕೆಟ್ಟರೆ ತೊಟ್ಟಿಯೊಳಗಿನ ಜೀವ ಎಷ್ಟು ಹೊತ್ತು ಉಳಿದೀತು? ಗಂಟೆಗಳಲ್ಲಿ ಉತ್ತರ ಬರುವುದಕ್ಕೆ ಮೊದಲ ಹಣ. ದಿನಗಳಲ್ಲಿ ಬರುವುದಕ್ಕೆ ಎರಡನೆಯದು. ವಾರ, ತಿಂಗಳುಗಳಲ್ಲಿ ಬರುವುದಕ್ಕೆ ಕೊನೆಯದು. ಈ ಪ್ರಶ್ನೆಯನ್ನು ಹಿಡಿದು ಹೊರಟರೆ ಅಂಗಡಿಯ ಪಟ್ಟಿ ತಲೆಕೆಳಗಾಗುವುದನ್ನು ನೋಡಬಹುದು.

ಗಂಟೆಗಳ ಸಾಲಿನಲ್ಲಿ ಮೊದಲನೆಯದು ನೀರಿನ ಚಲನೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರು ಸಮುದ್ರದ ನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಹೆಚ್ಚೆಂದರೆ 7 ಮಿಲಿಗ್ರಾಂ. ಸಿಹಿನೀರು ಅದಕ್ಕಿಂತ ಸ್ವಲ್ಪ ಹೆಚ್ಚು ಹಿಡಿದೀತು. ಎಂದರೆ 200 ಲೀಟರಿನ ತೊಟ್ಟಿಯಲ್ಲಿ, ನೋಡುವುದಕ್ಕೆ ಅಷ್ಟು ದೊಡ್ಡ ಕಡಲಿನಲ್ಲಿ, ಇರುವ ಆಮ್ಲಜನಕ ಒಂದೂವರೆ ಗ್ರಾಮಿಗೂ ಕಡಿಮೆ! ಈ ಚಿಟಿಕೆಯಷ್ಟನ್ನೇ ಮೀನು, ಸಿಗಡಿ, ಬಸವನಹುಳು, ಹವಳ, ಕಲ್ಲಿನ ಸಂದುಗಳಲ್ಲಿರುವ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು ಹಂಚಿಕೊಳ್ಳಬೇಕು. ಹಗಲಿನಲ್ಲಿ ಪಾಚಿಯೂ ಒಂದಿಷ್ಟು ಕೊಡುತ್ತದೆ. ಇರುಳಿನಲ್ಲಿ ಅದೂ ಬೇಡುವವರ ಸಾಲಿಗೆ ಸೇರುತ್ತದೆ. ನೀರಿನ ಮೇಲ್ಮೈ ಸದಾ ಕದಡುತ್ತಿದ್ದರೆ ಗಾಳಿಯಿಂದ ಹೊಸ ಆಮ್ಲಜನಕ ಇಳಿದು ಬರುತ್ತದೆ. ಪಂಪು ನಿಂತಿತೆಂದರೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿತು. ಮೀನು ತುಂಬಿದ ತೊಟ್ಟಿಯಾದರೆ ಕೆಲವೇ ಗಂಟೆಗಳಲ್ಲಿ ಸಾವು ಆರಂಭವಾಗುತ್ತದೆ.

ಹಾಗಾದರೆ ಮೊದಲ ಹಣ ಪಂಪಿಗೋ? ಪಂಪಿಗೂ ಹೌದು, ಆದರೆ ಅದಕ್ಕಿಂತ ಮೊದಲು ವಿದ್ಯುತ್ತು ನಿಂತಾಗ ಅದೇ ಕೆಲಸವನ್ನು ಮಾಡಬಲ್ಲ ಬ್ಯಾಟರಿಗೆ. ಹೊಸ ಬಗೆಯ ಪಂಪುಗಳಲ್ಲಿ ಹಲವು ಬ್ಯಾಟರಿಯಿಂದಲೂ ನಡೆಯುತ್ತವೆ. ಅದಿಲ್ಲದಿದ್ದರೆ ಬ್ಯಾಟರಿಯ ಮೇಲೆ ಗುಳ್ಳೆಯೆಬ್ಬಿಸುವ ಗಾಳಿಪಂಪೊಂದು ಸಾಕು. ಅದು ಇಡೀ ಪಟ್ಟಿಯಲ್ಲಿ ಅತ್ಯಂತ ಅಗ್ಗದ ವಸ್ತುಗಳಲ್ಲೊಂದು. ಬಿರುಗಾಳಿಯ ಒಂದು ರಾತ್ರಿ ತಂತಿ ಹರಿದು ಬಿದ್ದ ಊರುಗಳಲ್ಲಿ ಹತ್ತು ವರ್ಷಗಳಿಂದ ಬೆಳೆಸಿದ ತೋಟ ಉಳಿಯುವುದೂ ಅಳಿಯುವುದೂ ಈ ಪುಟ್ಟ ಡಬ್ಬಿಯೊಂದನ್ನೇ ಅವಲಂಬಿಸಿರುತ್ತದೆ. ಪಂಪಿನ ವಿಷಯದಲ್ಲಿಯೂ ಒಂದು ಮಾತುಂಟು. ಬಲವಾದ ಒಂದು ಪಂಪಿಗಿಂತ ಸಾಧಾರಣವಾದ ಎರಡು ಮೇಲು. ಒಂದು ನಿಂತರೆ ಇನ್ನೊಂದು ಇರುತ್ತದೆ; ಮೇಲಾಗಿ ಎರಡು ದಿಕ್ಕುಗಳಿಂದ ಬಂದ ಪ್ರವಾಹ ಅಲೆಯಂತೆ ತಾಕಲಾಡಿ ಹವಳದ ಮೈಮೇಲಿನ ಕೊಳೆಯನ್ನು ತೊಳೆಯುತ್ತದೆ. ಒಂದೇ ದಿಕ್ಕಿನಿಂದ ಬಿರುಸಾಗಿ ನುಗ್ಗುವ ನೀರು ಹವಳದ ಮೃದುವಾದ ಮಾಂಸವನ್ನೇ ಕಿತ್ತುಹಾಕಬಹುದು.

ಗಂಟೆಗಳ ಸಾಲಿನಲ್ಲಿ ಎರಡನೆಯದು ಉಷ್ಣತೆ. ಹವಳಕ್ಕೆ ಹಿತವಾದುದು ಸುಮಾರು 24ರಿಂದ 27 ಡಿಗ್ರಿ. ಕಡಲಿನಲ್ಲಿ ಬೇಸಗೆಯ ವಾಡಿಕೆಯ ಗರಿಷ್ಠಕ್ಕಿಂತ ಒಂದೇ ಒಂದು ಡಿಗ್ರಿ ಹೆಚ್ಚಾಗಿ ಅದು ಕೆಲವು ವಾರ ಹಾಗೆಯೇ ನಿಂತರೆ, ಹವಳ ತನ್ನೊಳಗಿನ ಪಾಚಿಯನ್ನು ಹೊರಗಟ್ಟಿ ಬೆಳ್ಳಗೆ ಬಿಳಿಚಿಕೊಳ್ಳುತ್ತದೆ. 1998ರಲ್ಲಿ, 2016ರಲ್ಲಿ, ಮತ್ತೆ 2023ರಿಂದ ಮೊದಲಾಗಿ ಜಗತ್ತಿನ ಕಡಲುಗಳಲ್ಲಿ ಇದು ವಿಪುಲವಾಗಿ ನಡೆದಿದೆ. ಗಾಜಿನ ತೊಟ್ಟಿಯಲ್ಲಿ ಇದೇ ದುರಂತಕ್ಕೆ ವಾರಗಳು ಬೇಕಿಲ್ಲ. ಹೀಟರಿನೊಳಗಿನ ಥರ್ಮಾಸ್ಟಾಟಿನ ಸಂಪರ್ಕಬಿಂದುಗಳು ಬಹುಕಾಲದ ಬಳಕೆಯಿಂದ ಒಂದಕ್ಕೊಂದು ಅಂಟಿಕೊಂಡರೆ ಹೀಟರು ಆರುವುದೇ ಇಲ್ಲ. 200 ಲೀಟರು ನೀರಿನಲ್ಲಿ 300 ವಾಟಿನ ಹೀಟರು ಹೀಗೆ ಹತ್ತಿಕೊಂಡೇ ಇದ್ದರೆ, ಗಾಳಿಗೆ ಸೋರಿಹೋಗುವ ಶಾಖವನ್ನು ಬಿಟ್ಟು ಲೆಕ್ಕ ಹಾಕಿದಾಗ, ಗಂಟೆಗೆ ಸುಮಾರು 1.3 ಡಿಗ್ರಿ ಏರುತ್ತದೆ. ಯಜಮಾನನು ಊಟ ಮುಗಿಸಿ ಮಲಗಿ ಏಳುವಷ್ಟರಲ್ಲಿ ಏನಾಗಿರುವುದೆಂದು ವಾಚಕರೇ ಊಹಿಸಿಕೊಳ್ಳಬಹುದು.

ಇದಕ್ಕೆ ಅನುಭವಿಗಳು ಕಂಡುಕೊಂಡ ಪರಿಹಾರ ಸೊಗಸಾದುದು. 300 ವಾಟಿನ ಒಂದು ಹೀಟರಿನ ಬದಲು 100 ಅಥವಾ 150 ವಾಟಿನ ಎರಡನ್ನು ಇಡುವುದು. ಒಂದು ಸತ್ತರೆ ಇನ್ನೊಂದು ತೊಟ್ಟಿಯನ್ನು ತೀರ ತಣ್ಣಗಾಗಗೊಡುವುದಿಲ್ಲ. ಒಂದು ಹತ್ತಿಕೊಂಡೇ ಉಳಿದರೂ ಅದೊಂದಕ್ಕೇ ತೊಟ್ಟಿಯನ್ನು ಬೇಯಿಸುವಷ್ಟು ಬಲವಿರುವುದಿಲ್ಲ. ಇವೆರಡರ ಮೇಲೆಯೂ ಬೇರೊಂದು ಉಷ್ಣನಿಯಂತ್ರಕವನ್ನು ಕಾವಲಿರಿಸಬೇಕು; ಹೀಟರಿನ ಥರ್ಮಾಸ್ಟಾಟು ತಪ್ಪಿದರೂ ಈ ಕಾವಲುಗಾರ ವಿದ್ಯುತ್ತನ್ನು ಕಡಿದುಹಾಕುತ್ತದೆ. ಒಳ್ಳೆಯ ದೀಪದ ಬೆಲೆಯಲ್ಲಿ ಹತ್ತನೆಯ ಒಂದು ಪಾಲೂ ಇದಕ್ಕೆ ತಗಲಲಾರದು. ಆದರೂ ಹೆಚ್ಚಿನವರು ಇದನ್ನು ಕೊಳ್ಳುವುದು ಮೊದಲ ತೊಟ್ಟಿ ಬೆಂದುಹೋದ ಮೇಲೆ.

ಮಂಗಳೂರು, ಕಾರವಾರಗಳಂಥ ಊರುಗಳಲ್ಲಿ ಪ್ರಶ್ನೆ ತಿರುವುಮುರುವಾಗುತ್ತದೆ. ಅಲ್ಲಿ ಉಪ್ಪುನೀರಿನ ಮೀನುತೊಟ್ಟಿಯನ್ನು ಇಡುವವನಿಗೆ ಹೀಟರಿನ ಚಿಂತೆ ಕಡಿಮೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ತಣ್ಣಗಿರಿಸುವುದೇ ಪ್ರಯಾಸ. ಚಿಲ್ಲರ್ ಯಂತ್ರ ದುಬಾರಿ. ಅದಕ್ಕೆ ಮೊದಲು ನೀರಿನ ಮೇಲ್ಮೈಗೆ ಅಡ್ಡಲಾಗಿ ಗಾಳಿ ಬೀಸುವ ಸಣ್ಣ ಫ್ಯಾನೊಂದನ್ನು ಇಟ್ಟು ನೋಡುವುದು ಲೇಸು. ಹೂಜಿಯ ನೀರು ತಣ್ಣಗಾಗುವ ನ್ಯಾಯವೇ ಇಲ್ಲಿಯೂ: ನೀರು ಆವಿಯಾಗುತ್ತ ಶಾಖವನ್ನು ಒಯ್ಯುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದಷ್ಟೂ ಇದರ ಫಲ ಕುಗ್ಗುವುದೆಂಬುದನ್ನು ಮಾತ್ರ ಕರಾವಳಿಯವರು ಮರೆಯಬಾರದು.

ಆವಿಯ ಮಾತು ಬಂದುದರಿಂದ ಉಪ್ಪಿನ ಲೆಕ್ಕಕ್ಕೆ ಬರಬಹುದು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿದೆ. 200 ಲೀಟರಿಗೆ 7 ಕಿಲೋ. ತೊಟ್ಟಿಯಿಂದ ದಿನಕ್ಕೆ 2 ಲೀಟರು ನೀರು ಆವಿಯಾದರೂ ಉಪ್ಪು ಮಾತ್ರ ಒಂದು ಕಣವೂ ಹಾರಿಹೋಗುವುದಿಲ್ಲ. ವಾರದ ಪ್ರವಾಸ ಮುಗಿಸಿ ಬಂದ ಹವ್ಯಾಸಿಯ ತೊಟ್ಟಿಯಲ್ಲಿ 186 ಲೀಟರು ನೀರು, ಅದೇ 7 ಕಿಲೋ ಉಪ್ಪು. ಎಂದರೆ ಲೀಟರಿಗೆ 37 ಗ್ರಾಮಿಗೂ ಮೇಲೆ. ಗಾಬರಿಯಿಂದ 14 ಲೀಟರು ಸಿಹಿನೀರನ್ನು ಒಮ್ಮೆಗೇ ಸುರಿದರೆ ಇನ್ನೊಂದು ಆಘಾತ. ಇಳಿದಷ್ಟು ಸಿಹಿನೀರನ್ನು ಆಗಾಗಲೇ ತಾನಾಗಿ ತುಂಬುವ ಯಂತ್ರವೊಂದಿದೆ. ದಿನಗಳ ಸಾಲಿನಲ್ಲಿ ಅದೇ ಮೊದಲು ಕೊಳ್ಳತಕ್ಕದ್ದು. ಅದಕ್ಕೆ ನೀರುಣಿಸುವ ಕೊಡವನ್ನು ಮಾತ್ರ ದೊಡ್ಡದಾಗಿ ಇಡಬಾರದು. ಯಂತ್ರ ಕೆಟ್ಟು ಕೊಡದ ನೀರೆಲ್ಲ ಒಮ್ಮೆಗೇ ತೊಟ್ಟಿಗೆ ಹರಿದರೂ ಉಪ್ಪು ಅಪಾಯಕ್ಕಿಳಿಯದಷ್ಟು ಮಾತ್ರ ಅದರ ಗಾತ್ರವಿರಲಿ.

ಉಪ್ಪನ್ನು ಅಳೆಯುವ ಸಾಧನವೂ ಇದೇ ಸಾಲಿಗೆ ಸೇರಿದುದು. ಮುಳ್ಳು ಏರಿಳಿಯುವ ಅಗ್ಗದ ಪ್ಲಾಸ್ಟಿಕ್ ಮಾಪಕಗಳನ್ನು ನಂಬಿ ಕೆಟ್ಟವರು ಅನೇಕ. ಮುಳ್ಳಿಗೆ ಅಂಟಿದ ಒಂದು ಗಾಳಿಗುಳ್ಳೆಯೇ ಲೆಕ್ಕವನ್ನು ತಪ್ಪಿಸುತ್ತದೆ. ರಿಫ್ರ್ಯಾಕ್ಟೋಮೀಟರೊಂದನ್ನು ಕೊಂಡು, 35ರ ಪ್ರಮಾಣದ್ರಾವಣದಿಂದ ಅದನ್ನು ಆಗಾಗ ಸರಿಪಡಿಸಿಕೊಳ್ಳುವುದು ಮೇಲು. ನೀರನ್ನು ಸೋಸುವ ಆರ್.ಓ. ಯಂತ್ರದ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ, ಇಂದು ಅಡಿಗೆಮನೆಗಳಲ್ಲಿಯೇ ಅದು ಪರಿಚಿತ. ತೊಟ್ಟಿಗಾದರೆ ಅದರ ಮುಂದೆ ಅಯಾನುಗಳನ್ನು ಹೀರುವ ರಾಳದ ಕೊಳವೆಯೊಂದು ಹೆಚ್ಚಾಗಿ ಬೇಕು. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇದ್ದೀತು, ಹಳೆಯ ಕೊಳವೆಗಳಿಂದ ತಾಮ್ರ ಬಂದೀತು. ಮನುಷ್ಯನು ತಾಮ್ರದ ಚೆಂಬಿನ ನೀರನ್ನು ಕುಡಿದು ಆರೋಗ್ಯವಾಗಿರುತ್ತಾನೆ. ಸಿಗಡಿ, ಹವಳಗಳಿಗೆ ಅತ್ಯಲ್ಪ ತಾಮ್ರವೂ ವಿಷ.

ಇನ್ನು ಕೊಳೆಯನ್ನು ಕಳೆಯುವ ವಿಚಾರ. ಇದರಲ್ಲಿ ಅತ್ಯಂತ ಮುಖ್ಯವಾದ ಪರಿಕರ ಯಂತ್ರವೇ ಅಲ್ಲ. ಜಕಾರ್ತದ ಲೀ ಚಿನ್ ಎಂಗ್ ಎಂಬಾತ 1961ರಲ್ಲಿ ಅಮೆರಿಕದ ಮೀನುಸಾಕಣೆಯ ಪತ್ರಿಕೆಯೊಂದರಲ್ಲಿ ತನ್ನ ವಿಧಾನವನ್ನು ವಿವರಿಸಿದ. ಕಡಲಿನಿಂದ ತಂದ ರಂಧ್ರಮಯವಾದ ಸಜೀವ ಶಿಲೆ, ಕಡಲಿನ ನೀರು, ಬಿಸಿಲು, ಮೆಲ್ಲನೆ ಏಳುವ ಗಾಳಿಗುಳ್ಳೆ, ಇಷ್ಟೇ. ಆ ಕಲ್ಲಿನ ರಂಧ್ರಗಳಲ್ಲಿ ಮನೆಮಾಡಿಕೊಂಡ ಬ್ಯಾಕ್ಟೀರಿಯಾಗಳು ವಿಷಕರವಾದ ಅಮೋನಿಯವನ್ನು ನೈಟ್ರೈಟಾಗಿ, ನೈಟ್ರೈಟನ್ನು ನೈಟ್ರೇಟಾಗಿ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಸೇನೆ ಬೆಳೆದು ಸಿದ್ಧವಾಗುವುದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಈ ತಾಳ್ಮೆಗೆ ಬೆಲೆಯಿಲ್ಲ. ಆದುದರಿಂದಲೇ ಅಂಗಡಿಯಲ್ಲಿ ಇದನ್ನು ಯಾರೂ ಶಿಫಾರಸು ಮಾಡುವುದಿಲ್ಲ. ತರುವಾಯ ಬರುವುದು ಸ್ಕಿಮ್ಮರ್. ಆಲೆಮನೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಮೇಲೆ ಕಟ್ಟಿದ ಕೊಳೆಯನ್ನು ಜಾಲರಿಯಿಂದ ತೆಗೆಯುವುದುಂಟಷ್ಟೆ. ಇದೂ ಆ ಬಗೆಯದೇ. ಕೊಳವೆಯೊಂದರಲ್ಲಿ ಎಬ್ಬಿಸಿದ ನಯವಾದ ಗುಳ್ಳೆಗಳಿಗೆ ನೀರಿನೊಳಗಿನ ಜಿಡ್ಡು ಅಂಟಿಕೊಂಡು, ಕಂದುಬಣ್ಣದ ನೊರೆಯಾಗಿ ಮೇಲಿನ ಬಟ್ಟಲಿಗೆ ಉಕ್ಕುತ್ತದೆ. ಒಳ್ಳೆಯ ಸಾಧನ, ಸಂದೇಹವಿಲ್ಲ. ಆದರೆ ಸಣ್ಣ ತೊಟ್ಟಿಯಲ್ಲಿ ಮೀನು ಕಡಿಮೆಯಿದ್ದು, ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲು ನೀರನ್ನು ಬದಲಿಸುವ ಶ್ರದ್ಧೆಯಿದ್ದರೆ ಅದಿಲ್ಲದೆಯೂ ನಡೆಯುತ್ತದೆ.

ಈಗ ದೀಪದ ಸರದಿ. ಹವಳಕ್ಕೆ ಬೆಳಕೇ ಅನ್ನವೆಂಬುದು ನಿಜ. ಆದರೂ ಬೆಳಕಿನ ಕೊರತೆ ನಿಧಾನವಾಗಿ ಕೊಲ್ಲುತ್ತದೆ. ಇದಕ್ಕೆ ಪ್ರಮಾಣವಿದೆ. 1928-29ರಲ್ಲಿ ಸಿ. ಎಂ. ಯಂಗ್ ಎಂಬ ವಿಜ್ಞಾನಿಯ ನೇತೃತ್ವದಲ್ಲಿ ಆಸ್ಟ್ರೇಲಿಯದ ಮಹಾ ಹವಳದಿಬ್ಬಕ್ಕೆ ಹೋದ ತಂಡ ಲೋ ಐಲ್ಸ್ ಎಂಬ ದ್ವೀಪಗಳಲ್ಲಿ ಬೀಡುಬಿಟ್ಟು, ಬೆಳಕು ತೂರದ ಪೆಟ್ಟಿಗೆಯಲ್ಲಿ ಹವಳಗಳನ್ನು ಬಹುಕಾಲ ಇರಿಸಿ ಪರೀಕ್ಷಿಸಿತು. ಮೈಯೊಳಗಿನ ಪಾಚಿಯನ್ನು ಕಳೆದುಕೊಂಡು ಬಿಳಿಚಿದರೂ ಅವುಗಳಲ್ಲಿ ಹಲವು ಜೀವ ಹಿಡಿದುಕೊಂಡಿದ್ದವು. ಪಂಪಿಗೆ ಗಂಟೆಗಳ ಗಡುವಾದರೆ ದೀಪಕ್ಕೆ ವಾರಗಳ ಗಡುವು. ಸಾಧಾರಣ ದೀಪದ ಕೆಳಗೆ ಮೃದು ಹವಳಗಳನ್ನು ಬೆಳೆಸಬಹುದು. ಹವ್ಯಾಸಿಗಳು ಬೆಳಕನ್ನು ಅಳೆಯುವ 'ಪಾರ್' ಎಂಬ ಮಾನದಲ್ಲಿ ಅವಕ್ಕೆ 50ರಿಂದ 150 ಸಾಕು. ಕವಲೊಡೆದು ಬೆಳೆಯುವ ಗಟ್ಟಿ ಹವಳಗಳಿಗೆ ಮಾತ್ರ 200ರಿಂದ 350ರವರೆಗೆ ಬೇಕಾಗುತ್ತದೆ. ಅಂಥವನ್ನು ತರುವ ನಿರ್ಧಾರವಾದ ಮೇಲೆ ದೊಡ್ಡ ದೀಪವನ್ನು ಕೊಂಡರಾಯಿತು.

ಕೊಂಡ ದಿನವೇ ಅದನ್ನು ಪೂರ್ಣಬಲದಲ್ಲಿ ಉರಿಸಿದವನ ಕಥೆ ಬೇರೆ. ಮಂದಬೆಳಕಿಗೆ ಒಗ್ಗಿದ ಹವಳ ಹೊಸ ಎಲ್.ಇ.ಡಿ. ದೀಪದಡಿಯಲ್ಲಿ ಕೆಲವೇ ದಿನಗಳಲ್ಲಿ ಸುಟ್ಟಂತೆ ಬಿಳಿಚುತ್ತದೆ. ನೆರಳಿನಲ್ಲಿ ಬೆಳೆದ ಸಸಿಯನ್ನು ಚೈತ್ರದ ಬಿಸಿಲಿಗೆ ಒಮ್ಮೆಗೇ ನೆಟ್ಟಂತೆ. ಅರ್ಧಕ್ಕಿಂತ ಕಡಿಮೆ ಬಲದಿಂದ ಆರಂಭಿಸಿ ನಾಲ್ಕಾರು ವಾರಗಳಲ್ಲಿ ಮೆಲ್ಲಮೆಲ್ಲನೆ ಏರಿಸುವುದು ಕ್ರಮ.

ಸುಣ್ಣವನ್ನು ಉಣಿಸುವ ಯಂತ್ರಗಳು ಇನ್ನೂ ಹಿಂದಿನ ಸಾಲಿನವು. ಗಟ್ಟಿ ಹವಳಗಳು ನಾಲ್ಕೈದಿದ್ದಾಗ ವಾರವಾರ ಬದಲಿಸುವ ಹೊಸ ನೀರೇ ಬೇಕಾದಷ್ಟು ಕ್ಯಾಲ್ಸಿಯಂ ಒದಗಿಸುತ್ತದೆ. ಅವು ಬೆಳೆದು ತೊಟ್ಟಿಯನ್ನು ತುಂಬಿದಾಗ ನೀರಿನ ಕ್ಷಾರತೆ ದಿನದಿನಕ್ಕೆ ಇಳಿಯತೊಡಗುತ್ತದೆ. ಪರೀಕ್ಷಾದ್ರಾವಣದಿಂದ ಅಳೆದು ಅದು ಇಳಿಯುತ್ತಿರುವುದನ್ನು ಕಣ್ಣಾರೆ ಕಂಡ ಮೇಲೆಯೇ ಯಂತ್ರದ ಮಾತು. ಆಗಲೂ ಅಗ್ಗದ ದಾರಿಯೊಂದಿದೆ: ಪೀಟರ್ ವಿಲ್ಕೆನ್ಸ್ ಎಂಬಾತ ಯುರೋಪಿನಲ್ಲಿ ಪ್ರಚಾರಕ್ಕೆ ತಂದ ಸುಣ್ಣದ ತಿಳಿ. ಆವಿಯಾದ ನೀರಿನ ಸ್ಥಾನಕ್ಕೆ ಇದನ್ನೇ ಹನಿಹನಿಯಾಗಿ ಬಿಡುವುದು. ತಾಂಬೂಲಕ್ಕೆ ಹಚ್ಚುವ ಸುಣ್ಣವೂ ರಸಾಯನದೃಷ್ಟಿಯಿಂದ ಅದೇ ಪದಾರ್ಥ. ಆದರೆ ಅದರ ಶುದ್ಧಿಗೆ ಭರವಸೆಯಿಲ್ಲವಾದುದರಿಂದ ಅಡಕೆಯ ತಟ್ಟೆಯಿಂದ ತೊಟ್ಟಿಗೆ ಕೈಹಾಕುವುದು ಬೇಡ. ಶುದ್ಧವಾದುದನ್ನೂ ಆತುರದಿಂದ ಸುರಿದರೆ ನೀರು ತೀವ್ರ ಕ್ಷಾರವಾಗಿ ಎಲ್ಲವೂ ಸಾಯುತ್ತದೆ.

ಇಷ್ಟನ್ನು ಓದಿ ಉತ್ಸಾಹಗೊಂಡ ಕನ್ನಡಿಗರಿಗೆ ಒಂದು ಸಂಗತಿ ತಿಳಿದಿರಬೇಕು. ಭಾರತದಲ್ಲಿ 2001ರಿಂದ ಗಟ್ಟಿ ಹವಳಗಳೆಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಉಂಟು. ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತ ಬೆಳೆದ ಹವಳಗಳನ್ನು ಮುಳುಗಿ ನೋಡಬಹುದು, ಮುರಿದು ಮನೆಗೆ ತರುವಂತಿಲ್ಲ. ಹೊರದೇಶಗಳಲ್ಲಿಯೂ ವಿವೇಕಿಗಳಾದ ಹವ್ಯಾಸಿಗಳು ಕಡಲಿನಿಂದ ಕಿತ್ತ ಹವಳವನ್ನು ಕೊಳ್ಳಲು ಹಿಂಜರಿಯುತ್ತಾರೆ. ಕಬ್ಬಿನ ತುಂಡನ್ನು ನೆಟ್ಟು ಬೆಳೆಸುವಂತೆ, ಒಬ್ಬರ ತೊಟ್ಟಿಯಲ್ಲಿ ಬೆಳೆದ ಹವಳದ ತುಂಡನ್ನು ಇನ್ನೊಬ್ಬರು ಕೊಂಡೊಯ್ದು ಬೆಳೆಸುವ ಪದ್ಧತಿ ಅಲ್ಲಿ ಬೇರೂರಿದೆ. ಇಲ್ಲಿಯವರಿಗೆ ಉಪ್ಪುನೀರಿನ ಮೀನುಗಳ ತೊಟ್ಟಿಯೊಂದಿದೆ. ದೀಪ, ಸುಣ್ಣಗಳ ಮಾತನ್ನು ಬಿಟ್ಟು ಮೇಲೆ ಹೇಳಿದ ಕ್ರಮವೆಲ್ಲ ಅದಕ್ಕೂ ಸಲ್ಲುತ್ತದೆ.

ಮುಂದೆ ಬದಲಿಸಲಾಗದವುಗಳ ವಿಚಾರ ಉಳಿದಿದೆ. ದೀಪವನ್ನು ಯಾವಾಗ ಬೇಕಾದರೂ ಬದಲಿಸಬಹುದು. ನೀರು ತುಂಬಿದ ಗಾಜಿಗೆ ಆಮೇಲೆ ರಂಧ್ರ ಕೊರೆಯಲಾಗುವುದಿಲ್ಲ. ನೀರು ಕೆಳತೊಟ್ಟಿಗೆ ಇಳಿಯುವ ದಾರಿಯನ್ನು ಮೊದಲೇ ಮಾಡಿಸಿರಬೇಕು. ಪಂಪು ನಿಂತಾಗ ಮೇಲಿನಿಂದ ಇಳಿಯುವ ನೀರಿಗೆಲ್ಲ ಕೆಳತೊಟ್ಟಿಯಲ್ಲಿ ಜಾಗವಿರಬೇಕು, ಇಲ್ಲವಾದರೆ ನಡುಕೋಣೆಯೇ ಕಡಲಾಗುತ್ತದೆ. 200 ಲೀಟರಿನ ತೊಟ್ಟಿ ನೀರು, ಕಲ್ಲು, ಗಾಜು ಸೇರಿ 250 ಕಿಲೋವನ್ನು ಸುಲಭವಾಗಿ ಮೀರುತ್ತದೆ. ಪುಸ್ತಕದ ಕಪಾಟು ಅದನ್ನು ಹೊರಲಾರದು. ಹಣ ಉಳಿಸಬೇಕೆನ್ನುವವರು ಸ್ಕಿಮ್ಮರು, ಪಂಪುಗಳನ್ನು ಹಳೆಯವಾದರೂ ಕೊಳ್ಳಬಹುದು. ವಿನಿಗರಿನಲ್ಲಿ ನೆನೆಸಿ ಉಜ್ಜಿದರೆ ಅವುಗಳಿಗೆ ಅಂಟಿದ ಸುಣ್ಣ ಬಿಟ್ಟು ಹೊಸದರಂತಾಗುತ್ತವೆ. ಹೀಟರನ್ನು ಮಾತ್ರ ಹೊಸದಾಗಿಯೇ ಕೊಳ್ಳಬೇಕು. ಕೊಂಡ ದಿನಾಂಕವನ್ನು ಅದರ ತಂತಿಗೆ ಚೀಟಿ ಕಟ್ಟಿ ಬರೆದಿಟ್ಟು, ಎರಡು ಮೂರು ವರ್ಷವಾಗುತ್ತಲೇ, ಚೆನ್ನಾಗಿ ಕೆಲಸಮಾಡುತ್ತಿದ್ದರೂ, ತೆಗೆದೆಸೆಯಬೇಕು.